ಕೌದಿಯ ಸುತ್ತ ಆರು ಜನ: ಮನಸ್ಸಿನ ಭಾರಕ್ಕೆ ಕೈಕೆಲಸದ ಕೂಟ ನಡೆಸುವ ಬಗೆ

ಶಿರಸಿ ಪೇಟೆಯಲ್ಲಿ ನನ್ನದೊಂದು ಸಣ್ಣ ಟೇಲರಿಂಗ್ ಅಂಗಡಿ. 22 ವರ್ಷದಿಂದ ರವಿಕೆ, ಚೂಡಿದಾರ, ಶಾಲೆಯ ಯೂನಿಫಾರ್ಮ್ ಹೊಲಿಯುತ್ತಿದ್ದೇನೆ. ಅಂಗಡಿಯ ಹಿಂದೆ ಒಂದು ಕೋಣೆ ಇದೆ. ಶನಿವಾರ ಮಧ್ಯಾಹ್ನ ಮೂರಕ್ಕೆ ಅಲ್ಲಿ ಆರು ಜನ ಚಾಪೆ ಹಾಸಿ ಕೂರುತ್ತಾರೆ. ಆರೂ ಜನ ಸೇರಿ ಒಂದೇ ಕೌದಿ, ಅಂದರೆ ಹಳೆಯ ಬಟ್ಟೆ ತುಂಡುಗಳ ಹೊದಿಕೆ, ಹೊಲಿಯುತ್ತಾರೆ. ಒಬ್ಬರಿಗೆ ಗಂಡ ತೀರಿಕೊಂಡ ದುಃಖ. ಒಬ್ಬರಿಗೆ ರಾತ್ರಿ ನಿದ್ದೆ ಇಲ್ಲ. ಒಬ್ಬಳಿಗೆ ಪರೀಕ್ಷೆ ಅಂದರೆ ಕೈಕಾಲು ನಡುಗುತ್ತದೆ. ಇಂಥದ್ದನ್ನು ನಮ್ಮ ಊರಲ್ಲೂ ಮಾಡಬಹುದಾ, ಹೇಗೆ ಶುರು ಮಾಡೋದು ಅಂತ ಸಿದ್ದಾಪುರ, ಕುಮಟಾ ಕಡೆಯ ಕೆಲವರು ಕೇಳಿದ್ದಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲೇ ಹೇಳುತ್ತೇನೆ, ನಾನು ಡಾಕ್ಟರ್ ಅಲ್ಲ, ಕೌನ್ಸೆಲರ್ ಕೂಡ ಅಲ್ಲ. 2021ರಲ್ಲಿ ಕೋವಿಡ್‌ನ ಎರಡನೇ ಅಲೆ ಮುಗಿದ ಮೇಲೆ ನನಗೇ ಆರಾಮಿರಲಿಲ್ಲ. ರಾತ್ರಿ ಎರಡು ಗಂಟೆಗೆ ಎದೆ ಡವಡವ ಹೊಡೆದುಕೊಂಡು ಎಚ್ಚರವಾಗುತ್ತಿತ್ತು. ಹಾರ್ಟಿನ ತೊಂದರೆ ಇರಬೇಕು ಅಂತ ಇಸಿಜಿ ಮಾಡಿಸಿದೆ. ಏನೂ ಇರಲಿಲ್ಲ. ಇಸಿಜಿ ನೋಡಿದ ಡಾಕ್ಟರೇ ಮನೋವೈದ್ಯರ ಹತ್ತಿರ ಕಳಿಸಿದರು. 14 ತಿಂಗಳು ಮಾತ್ರೆ ತೆಗೆದುಕೊಂಡೆ. ಆ ದಿನಗಳಲ್ಲಿ ಮಷೀನಿನ ಸದ್ದು ಕೇಳಿದರೆ ತಲೆ ಸಿಡಿಯುತ್ತಿತ್ತು. ಕೈಸೂಜಿ ಮಾತ್ರ ಹಿಡಿಯಲು ಆಗುತ್ತಿತ್ತು.

ಯಲ್ಲಾಪುರ ಕಡೆಯ, ಸಿದ್ದಿ ಸಮುದಾಯದ ಒಬ್ಬ ಅಮ್ಮ ಆಗೀಗ ನನ್ನ ಅಂಗಡಿಗೆ ಬಂದು ಬಟ್ಟೆ ಚೂರು ಒಯ್ಯುತ್ತಿದ್ದರು, ಕೌದಿಗೆ. ಒಂದು ದಿನ ನನ್ನ ಮುಖ ನೋಡಿದರು. ಏನಾಯಿತು ಅಂತ ಕೇಳಲಿಲ್ಲ. ಅಂಗಡಿಯ ಕಟ್ಟೆ ಮೇಲೆ ಕೂತು, ಕೌದಿಯ ಮೂಲೆ ಹಿಡಿಯುವುದು ಹೇಗೆ ಅಂತ ತೋರಿಸಿದರು. ನನ್ನ ಕೈಗೆ ಸೂಜಿ ಕೊಟ್ಟರು. ಸಂಜೆಯ ತನಕ ಇಬ್ಬರೂ ಹೊಲಿದೆವು. ಹೊರಡುವ ಹೊತ್ತಿಗೆ ನಾನು ಯಾರಿಗೂ ಹೇಳದಿದ್ದನ್ನೆಲ್ಲ ಅವರಿಗೆ ಹೇಳಿ ಆಗಿತ್ತು. ಅವರು ಕೇಳದೆ ಇದ್ದದ್ದರಿಂದಲೇ ನಾನು ಹೇಳಿದೆ ಅಂತ ಈಗಲೂ ನಂಬಿದ್ದೇನೆ.

ನಮ್ಮ ಕಡೆಗೆ ಇದು ಹೊಸದೇನಲ್ಲ. ಅಡಿಕೆ ಕೊಯ್ಲಿನ ದಿನಗಳಲ್ಲಿ ರಾತ್ರಿ ಅಂಗಳದಲ್ಲಿ ಮೆಟ್ಟುಗತ್ತಿ (ಕಾಲಲ್ಲಿ ಮೆಟ್ಟಿ ಹಿಡಿಯುವ ಕತ್ತಿ) ಹಾಕಿಕೊಂಡು ಅಕ್ಕಪಕ್ಕದ ಮನೆಯವರೆಲ್ಲ ಅಡಿಕೆ ಸುಲಿಯಲು ಕೂರುತ್ತಿದ್ದರು. ಕಣ್ಣು ಕತ್ತಿಯ ಮೇಲೆ, ಬಾಯಲ್ಲಿ ಊರ ಸುದ್ದಿ. ಅತ್ತೆ ಬೈದದ್ದು, ಮಗು ಉಳಿಯದೆ ಹೋದದ್ದು, ಸಾಲ, ಎಲ್ಲ ಅಲ್ಲಿ ಬರುತ್ತಿತ್ತು. ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ, ನೋಡಿದರೆ ಬೆರಳು ಹೋಗುತ್ತಿತ್ತು. ಈಗ ಸುಲಿಯುವ ಮಷೀನ್ ಬಂದಿದೆ. ಕೈಗೆ ಒಳ್ಳೆಯದಾಯಿತು. ಆದರೆ ಹಾಗೆ ಮಾತಾಡುವ ಜಾಗ ಹೋಯಿತು ಅಲ್ವಾ.

ನಾನು ಮಾಡಿದ ತಪ್ಪು

ಮೊದಲ ಕೂಟ ಮಾಡಿದ್ದು 2022ರ ಮಳೆಗಾಲದಲ್ಲಿ. "ಮಾನಸಿಕ ಆರೋಗ್ಯ ಕಾರ್ಯಾಗಾರ" ಅಂತ ಕರಪತ್ರ ಮಾಡಿಸಿದ್ದೆ. 11 ಜನ ಬಂದರು. ಎಲ್ಲರನ್ನೂ ಸುತ್ತ ಕೂರಿಸಿ, ಹೊಲಿಗೆ ಶುರು ಮಾಡುವ ಮೊದಲೇ, "ನಿಮ್ಮ ಮನಸ್ಸಿನಲ್ಲಿ ಏನಿದೆ ಒಬ್ಬೊಬ್ಬರೇ ಹೇಳಿ" ಅಂದೆ. ಒಬ್ಬ ಹೆಂಗಸು ಮನೆಯ ವಿಷಯ ಎಲ್ಲ ಹೇಳಿದರು. 20 ನಿಮಿಷ ಹೇಳಿದರು. ಮುಗಿದ ಮೇಲೆ ಕೋಣೆಯಲ್ಲಿ ಯಾರಿಗೂ ಮಾತು ಬರಲಿಲ್ಲ. ಯಾರ ಕೈಯಲ್ಲೂ ಸೂಜಿ ಇರಲಿಲ್ಲ, ಕಣ್ಣು ಎಲ್ಲಿ ಇಡಬೇಕು ಅಂತ ಗೊತ್ತಾಗಲಿಲ್ಲ. ಅವರು ಸೆರಗು ಸರಿ ಮಾಡಿಕೊಂಡು ಗೋಡೆ ನೋಡುತ್ತಾ ಕೂತರು.

ಮುಂದಿನ ಶನಿವಾರ ಅವರು ಬರಲಿಲ್ಲ. ಮೂರನೇ ವಾರ, ರವಿಕೆ ಒಯ್ಯಲು ಬಂದ ಗಿರಾಕಿಯೊಬ್ಬರ ಬಾಯಿಂದ ಅವರ ಮನೆಯ ಕಥೆ ನನಗೇ ವಾಪಸ್ ಬಂತು. ಅವರ ಮನೆಗೆ ಹೋಗಿ ತಪ್ಪಾಯಿತು ಅಂದೆ. ಚಹಾ ಕೊಟ್ಟರು. ಆ ವಿಷಯ ಎತ್ತಲಿಲ್ಲ. ಮತ್ತೆ ಕೂಟಕ್ಕೆ ಬರಲೂ ಇಲ್ಲ. ಮಾತು ಹೊರಗೆ ಹೋದದ್ದು ನನ್ನ ಕೋಣೆಯಿಂದ. ಅದರ ಹೊಣೆ ನನ್ನದು. ಮುಂದೆ ಹೇಳುವ ಬಹಳಷ್ಟು ಮಾತು ಅಲ್ಲಿಂದ ಕಲಿತದ್ದು.

ಹೆಸರು, ಜಾಗ, ಜನ

ಕೂಟಕ್ಕೆ ಕೈ ಮಾಡುವ ಕೆಲಸದ ಹೆಸರನ್ನೇ ಇಡಿ. ನಮ್ಮಲ್ಲಿ ಈಗ ಬಾಗಿಲ ಹತ್ತಿರ ಬರೆದಿರುವುದು ಇಷ್ಟೇ: "ಕೌದಿ ಹೊಲಿಗೆ, ಶನಿವಾರ 3ರಿಂದ 5." ಸೇರುವವರಿಗೆ ಮಾತ್ರ ಒಬ್ಬೊಬ್ಬರಿಗೇ ನೇರವಾಗಿ ಹೇಳುತ್ತೇನೆ, ಇದು ಮನಸ್ಸಿಗೆ ಬೇಜಾರಿರುವವರು ಸೇರುವ ಜಾಗ ಅಂತ. ಮುಚ್ಚಿಡುವುದಲ್ಲ ಇದು. ಬೀದಿಯಲ್ಲಿ ಹೋಗುವವರಿಗೆ ಗೊತ್ತಾಗಬೇಕಾಗಿಲ್ಲ, ಅಷ್ಟೇ. ನಮ್ಮ ಕಡೆ "ಇವಳನ್ನ ಧಾರವಾಡಕ್ಕೆ ಸೇರಿಸಬೇಕು" ಅಂದರೆ ಇವತ್ತಿಗೂ ಬೈಗುಳ. ಧಾರವಾಡದ ಡಿಮ್ಹಾನ್ಸ್ ಎಷ್ಟೋ ಜನರ ಮನೆ ಉಳಿಸಿದ ಮಾನಸಿಕ ಆಸ್ಪತ್ರೆ. ಅದರ ಊರಿನ ಹೆಸರನ್ನೇ ಬೈಗುಳ ಮಾಡಿಕೊಂಡಿದ್ದೇವೆ. 2015-16ರಲ್ಲಿ ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ ನೂರು ವಯಸ್ಕರಲ್ಲಿ ಹತ್ತಕ್ಕಿಂತ ಜಾಸ್ತಿ ಜನರಿಗೆ ಯಾವುದಾದರೊಂದು ಮಾನಸಿಕ ತೊಂದರೆ ಕಂಡಿತ್ತು. ಅವರಲ್ಲಿ ಚಿಕಿತ್ಸೆ ಸಿಗದವರು, ಕಾಯಿಲೆಗೆ ತಕ್ಕ ಹಾಗೆ, ನೂರಕ್ಕೆ 70ರಿಂದ 92. ಡಾಕ್ಟರ್ ಕಡಿಮೆ ಇರುವುದು ಒಂದು ಕಾರಣ. ಈ ಬೈಗುಳವೂ ಒಂದು ಕಾರಣ ಅಂತ ನನಗೆ ಅನಿಸುತ್ತದೆ.

ಆರು ಜನ ಸಾಕು. ಎಂಟಾದರೆ ಎರಡು ಗುಂಪಾಗಿ ಪಿಸುಗುಟ್ಟಲು ಶುರುವಾಗುತ್ತದೆ. ಒಂದೇ ಮನೆಯವರನ್ನು ಒಟ್ಟಿಗೆ ಸೇರಿಸಬೇಡಿ. ಅತ್ತೆ ಸೊಸೆ, ಓರಗಿತ್ತಿಯರು, ಅಕ್ಕ ತಂಗಿ ಕೂಡ ಬೇಡ. ಎಷ್ಟೇ ಹೊಂದಾಣಿಕೆ ಇರಲಿ, ಒಬ್ಬರು ಬಾಯಿ ಬಿಡುವ ಮೊದಲು ಇನ್ನೊಬ್ಬರ ಮುಖ ನೋಡುತ್ತಾರೆ.

ಮಾತು ಹೊರಗೆ ಹೋಗಬಾರದು ಅನ್ನುವುದನ್ನು ಪ್ರತಿ ವಾರ ಹೇಳಬೇಕು. ಶಿರಸಿಯಂಥ ಊರಲ್ಲಿ ಒಬ್ಬರಿಗೊಬ್ಬರು ಹೇಗೋ ನೆಂಟರೇ. ನಾನು ಹೇಳುವುದು ಹೀಗೆ: "ಇಲ್ಲಿ ಏನು ಹೊಲಿದೆವು ಅಂತ ಮನೆಯಲ್ಲಿ ಹೇಳಿ. ಯಾರು ಏನು ಹೇಳಿದರು ಅಂತ ಹೇಳಬೇಡಿ. ಒಬ್ಬರ ಜೀವಕ್ಕೆ ಅಪಾಯ ಅಂತ ನನಗೆ ಅನಿಸಿದರೆ ಮಾತ್ರ ನಾನು ಬೇರೆಯವರಿಗೆ ಹೇಳುತ್ತೇನೆ. ಆಗಲೂ ನಿಮಗೆ ಹೇಳಿಯೇ ಹೇಳುತ್ತೇನೆ." ಮೊಬೈಲ್ ಬಾಗಿಲ ಹತ್ತಿರದ ಬುಟ್ಟಿಯಲ್ಲಿ. ಫೋಟೋ ಇಲ್ಲ.

ಸಮಯ ಬಸ್ಸಿಗೆ ಹೊಂದಿರಬೇಕು. ನಮ್ಮಲ್ಲಿ ಐದೂವರೆಯ ಬಸ್ಸು ತಪ್ಪಿದರೆ ಮೂವರಿಗೆ ಮನೆ ಸೇರುವುದು ಕಷ್ಟ. ನಾಲ್ಕೂಮುಕ್ಕಾಲಿನಿಂದಲೇ ಗಡಿಯಾರ ನೋಡುವವರು ಬಾಯಿ ಬಿಡುವುದಿಲ್ಲ. ಅಡಿಕೆ ಕೊಯ್ಲಿನ ತಿಂಗಳುಗಳಲ್ಲಿ ಹೊಸ ಕೂಟ ಶುರು ಮಾಡಬೇಡಿ, ಯಾರಿಗೂ ಪುರುಸೊತ್ತಿಲ್ಲ. ಮಳೆಗಾಲ ಒಳ್ಳೆಯದು. ಬಟ್ಟೆಗಳನ್ನು ಮಾತ್ರ ಮೇ ತಿಂಗಳ ಬಿಸಿಲಿಗೇ ಒಗೆದು ಒಣಗಿಸಿ ಇಟ್ಟುಕೊಳ್ಳಿ. ಮುಗ್ಗಲು ವಾಸನೆಯ ಬಟ್ಟೆ ಯಾರಿಗೂ ಮುಟ್ಟಲು ಮನಸ್ಸಾಗುವುದಿಲ್ಲ.

ಕೌದಿ ಹೊಲಿಸುವುದು

ಒಂದು ಹಳೆಯ ನೂಲಿನ ಸೀರೆಯನ್ನು ಮೂರು ಮಡಿಕೆ ಮಾಡಿದರೆ ಹೆಚ್ಚುಕಡಿಮೆ ಆರಡಿ ಉದ್ದ, ನಾಲ್ಕಡಿ ಅಗಲದ ತಳ ಸಿಗುತ್ತದೆ. ಉಟ್ಟು ಉಟ್ಟು ಮೆತ್ತಗಾದ ಸೀರೆ ಆಗಬೇಕು, ಇಲ್ಲದಿದ್ದರೆ ಸೂಜಿ ಹೋಗುವುದಿಲ್ಲ. ಅದರ ಮೇಲೆ ಅಂಗೈ ಅಗಲದ ಬಟ್ಟೆ ತುಂಡುಗಳು. ದಪ್ಪ ನೂಲಿನ ದಾರ, ದೊಡ್ಡ ಕಣ್ಣಿನ ಸೂಜಿ. ದಾರ ಒಂದೂವರೆ ಮೊಳಕ್ಕಿಂತ ಉದ್ದ ಬೇಡ, ಗಂಟು ಬೀಳುತ್ತದೆ. ಮೊದಲೇ ತಲೆಬಿಸಿಯಲ್ಲಿ ಬಂದವರಿಗೆ ದಾರದ ಗಂಟು ಬಿಡಿಸುವುದು ದೊಡ್ಡ ಸಂಕಟ. ಕಣ್ಣು ಮಂಜಾದವರಿಗೆ ಐದಾರು ಸೂಜಿಗೆ ದಾರ ಪೋಣಿಸಿ ಬಟ್ಟೆಗೆ ಚುಚ್ಚಿ ಇಟ್ಟಿರಿ. ಎಷ್ಟು ಸೂಜಿ ಕೊಟ್ಟಿರೋ ಅಷ್ಟನ್ನು ಹೋಗುವಾಗ ಎಣಿಸಿ ತೆಗೆದುಕೊಳ್ಳಿ. ಕತ್ತರಿ ಒಂದೇ ಇರಲಿ, ನಿಮ್ಮ ಹತ್ತಿರ ಇರಲಿ.

ಸಿದ್ದಿ ಹೆಂಗಸರು ಕೌದಿಯನ್ನು ಮೂಲೆಯಿಂದ ಶುರು ಮಾಡುತ್ತಾರೆ. ಅಂಚು ಹಿಡಿದು ಸುತ್ತ ಬರುತ್ತಾರೆ, ಆಮೇಲೆ ಒಳಗೆ, ಇನ್ನೂ ಒಳಗೆ. ಕೊನೆಗೆ ನಡುವಿಗೆ ಮುಟ್ಟುತ್ತಾರೆ. ತುಂಡಿನ ಅಂಚನ್ನು ಬೆರಳಲ್ಲೇ ಮಡಚಿ, ಎಲ್ಲ ಪದರ ಸೇರಿಸಿ ಉದ್ದಕ್ಕೂ ಓಟದ ಹೊಲಿಗೆ ಹಾಕುತ್ತಾ ಹೋಗುತ್ತಾರೆ. ಕೂಟಕ್ಕೆ ಇದಕ್ಕಿಂತ ಒಳ್ಳೆಯ ಬಗೆ ನಾನು ಕಂಡಿಲ್ಲ. ಯಾಕೆ ಅಂದರೆ, ಮೊದಲ ಶನಿವಾರ ಆರು ಜನರೂ ಅವರವರ ಅಂಚಿನಲ್ಲಿ ದೂರ ದೂರ ಕೂತಿರುತ್ತಾರೆ. ಗುರುತಿಲ್ಲ, ಪರಿಚಯ ಇಲ್ಲ, ದೂರ ಇರುವುದೇ ಆರಾಮ. ವಾರ ಕಳೆದ ಹಾಗೆ ಹೊಲಿಗೆ ಒಳಗೆ ಸರಿಯುತ್ತದೆ, ಕೂತವರೂ ಸರಿಯುತ್ತಾರೆ. ಐದನೇ ವಾರಕ್ಕೆ ಮೊಣಕಾಲಿಗೆ ಮೊಣಕಾಲು ತಾಗುತ್ತದೆ. ಮಾತೂ ಹಾಗೆಯೇ. ಮೊದಲು ಮಳೆ, ಬಸ್ಸು, ಅಡಿಕೆ ರೇಟು. ಆಮೇಲೆ ಮಕ್ಕಳು. ಮನೆಯೊಳಗಿನದ್ದು ಬರುವುದು ನಾಲ್ಕನೇ ವಾರ, ಐದನೇ ವಾರ. ಅದಕ್ಕೇ ಎಂಟು ಶನಿವಾರ ಇಟ್ಟಿದ್ದೇನೆ. ಒಂದು ದಿನದ ಶಿಬಿರದಲ್ಲಿ ಇದು ಆಗುವುದಿಲ್ಲ.

ಪ್ರತಿಯೊಬ್ಬರೂ ಮನೆಯಿಂದ ಎರಡು ಹಳೆಯ ಬಟ್ಟೆ ತರಬೇಕು, ಒಂದು ತಮ್ಮದು, ಒಂದು ಮನೆಯ ಬೇರೆ ಯಾರದಾದರೂ. ತೀರಿಕೊಂಡವರ ಬಟ್ಟೆ ಮೊದಲ ವಾರವೇ ಬೇಡ ಅಂತ ಹೇಳಿ. ಅದಕ್ಕೆ ಸ್ವಲ್ಪ ಸಮಯ ಬೇಕು. ಒಬ್ಬರು ಮೂರನೇ ವಾರ ಗಂಡನ ಲುಂಗಿ ತಂದರು. ಕತ್ತರಿ ಮುಟ್ಟಲಿಲ್ಲ. ಮಡಿಲಲ್ಲಿ ಇಟ್ಟುಕೊಂಡು ಬೇರೆ ಬಟ್ಟೆ ಹೊಲಿದರು. ಐದನೇ ವಾರವೂ ಹಾಗೆಯೇ. ಆರನೇ ವಾರ, "ಕತ್ತರಿಸದೆ ಸೇರಿಸಲು ಆಗ್ತದಾ?" ಅಂತ ಕೇಳಿದರು. ಉದ್ದಕ್ಕೆ ನಾಲ್ಕು ಮಡಿಕೆ ಮಾಡಿ ಹಾಗೆಯೇ ಇಟ್ಟು ಹೊಲಿದೆವು. ಆ ಕಡೆ ಕೌದಿ ದಪ್ಪಗಾಯಿತು. ದಪ್ಪಗೇ ಇರಲಿ.

ನನಗೆ ಎಲ್ಲಕ್ಕಿಂತ ಕಷ್ಟವಾದದ್ದು ಸೊಟ್ಟ ಹೊಲಿಗೆಯನ್ನು ನೋಡಿ ಸುಮ್ನೆ ಇರುವುದು. 22 ವರ್ಷ ನೇರ ಹೊಲಿದ ಕೈ ನನ್ನದು. ಆದರೂ ಬಿಚ್ಚಿಸಬೇಡಿ. "ನನ್ನಿಂದ ಏನೂ ಸರಿಯಾಗುವುದಿಲ್ಲ" ಅಂತ ಮನೆಯಲ್ಲಿ ದಿನಾ ಅಂದುಕೊಳ್ಳುವವರು ಇಲ್ಲಿ ಬಂದಿರುತ್ತಾರೆ. ಅವರು ಹಾಕಿದ ಸಾಲು ಬಿಚ್ಚಿದರೆ ಅದು ನಿಜ ಅಂತ ನೀವೇ ಹೇಳಿದ ಹಾಗೆ. ಅವರಾಗಿಯೇ ಕೇಳಿದರೆ ಮಾತ್ರ ತೋರಿಸಿಕೊಡಿ.

ಇದರಿಂದ ಯಾಕೆ ಸಹಾಯ ಆಗುತ್ತದೆ? ನನ್ನ ಮನೋವೈದ್ಯರು ಹೇಳಿದ್ದು ನೆನಪಿದೆ: ಮನಸ್ಸು ಬರಲಿ ಅಂತ ಕಾಯಬಾರದು, ಸಣ್ಣ ಕೆಲಸ ಶುರು ಮಾಡಬೇಕು, ಮನಸ್ಸು ಹಿಂದಿನಿಂದ ಬರುತ್ತದೆ. ಬೇಸರದ ಕಾಯಿಲೆಗೆ ಮಾತಿನ ಚಿಕಿತ್ಸೆ ಕೊಡುವವರು ಇದನ್ನು ಒಂದು ಪದ್ಧತಿಯಾಗಿಯೇ ಬಳಸುತ್ತಾರೆ. ಕೈಕೆಲಸವನ್ನು ಚಿಕಿತ್ಸೆಯ ಜೊತೆ ಸೇರಿಸುವ ಆಕ್ಯುಪೇಷನಲ್ ಥೆರಪಿಗೆ ಅಮೆರಿಕದಲ್ಲಿ 1917ರಲ್ಲೇ ಸಂಘ ಕಟ್ಟಿದ್ದರು. ಬೆಂಗಳೂರಿನ ನಿಮ್ಹಾನ್ಸ್‌ನ ಪುನರ್ವಸತಿ ವಿಭಾಗದಲ್ಲೂ ಹೊಲಿಗೆ, ಬೇಕರಿ, ಮರಗೆಲಸದಂಥ ಕೆಲಸಗಳಿವೆ. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ 3,000ಕ್ಕೂ ಜಾಸ್ತಿ ಅಧ್ಯಯನಗಳನ್ನು ನೋಡಿ, ಕಲೆಯಿಂದ ಆರೋಗ್ಯಕ್ಕೆ ನೆರವಾಗುತ್ತದೆ ಅಂತ ವರದಿ ಕೊಟ್ಟಿತು. ಮಾತ್ರೆ ಬಿಟ್ಟು ಕೌದಿ ಹೊಲಿಯಿರಿ ಅಂತ ಮಾತ್ರ ಅದರ ಅರ್ಥ ಅಲ್ಲ. ನಾನು ಎರಡನ್ನೂ ಒಟ್ಟಿಗೇ ಮಾಡಿದವಳು.

ಕೇಳುವುದು, ಕೇಳದೇ ಇರುವುದು

"ಹೇಗಿದ್ದೀರಿ?" ಅಂತ ಶುರು ಮಾಡಬೇಡಿ. ನಮ್ಮ ಕಡೆ ಅದಕ್ಕೆ ಉತ್ತರ ಒಂದೇ: "ಅಡ್ಡಿಲ್ಲೆ." ಪರವಾಗಿಲ್ಲ ಅಂತ. ಮನೆ ಮುಳುಗಿದರೂ ಅಡ್ಡಿಲ್ಲೆ.

ನಾನು ಬಟ್ಟೆ ಚೂರಿನ ಬುಟ್ಟಿಯನ್ನು ನಡುವೆ ಇಡುತ್ತೇನೆ. ರೇಷ್ಮೆ, ವಾಯಿಲ್, ಗೋಣಿಯ ತುಂಡು, ಚೌಕುಳಿ ಪಂಚೆ, ಹಳೆಯ ಟವೆಲ್, ಪಾಲಿಸ್ಟರ್, ಎಲ್ಲ ಇರುತ್ತದೆ. "ಇವತ್ತಿಗೆ ಒಂದು ತುಂಡು ಆರಿಸಿಕೊಳ್ಳಿ" ಅನ್ನುತ್ತೇನೆ. ಯಾಕೆ ಆರಿಸಿದಿರಿ ಅಂತ ಕೇಳುವುದಿಲ್ಲ. ಕೆಲವರು ಹೇಳುತ್ತಾರೆ, ಕೆಲವರು ಹೇಳುವುದಿಲ್ಲ. ಒಬ್ಬರು ಮೂರು ವಾರ ಗೋಣಿಯನ್ನೇ ತೆಗೆದುಕೊಂಡರು. ನಾಲ್ಕನೇ ವಾರ ಟವೆಲ್ಲಿನ ತುಂಡು ತೆಗೆದುಕೊಂಡು, "ಇವತ್ತು ನಿದ್ದೆ ಬಂದಿತ್ತು" ಅಂದರು. ಅಷ್ಟೇ. ಯಾರೂ ಚಪ್ಪಾಳೆ ತಟ್ಟಲಿಲ್ಲ. ಪಕ್ಕದವರು ದಾರ ಮುಂದೆ ಸರಿಸಿದರು.

ಬಟ್ಟೆಯ ಬಗ್ಗೆ ಕೇಳಬಹುದು. "ಇದು ಎಲ್ಲಿಯದು?", "ಎಷ್ಟು ಮೆತ್ತಗಿದೆ, ಯಾರು ಉಡುತ್ತಿದ್ದರು?" ಬಟ್ಟೆಯ ಬಗ್ಗೆ ಹೇಳುತ್ತಾ ಹೇಳುತ್ತಾ ಬೇಕಾದರೆ ಅವರೇ ಮುಂದೆ ಹೋಗುತ್ತಾರೆ, ಬೇಡವಾದರೆ ಬಟ್ಟೆಯಲ್ಲೇ ನಿಲ್ಲುತ್ತಾರೆ. "ಯಾಕೆ" ಅನ್ನುವ ಮಾತು ಮಾತ್ರ ಬೇಡ. ಕಾಲೇಜಿನ ಹುಡುಗಿಯೊಬ್ಬಳು ತನ್ನ ಅಂಚಿಗೆಲ್ಲ ಕಪ್ಪು ತುಂಡೇ ಹಾಕಿದಳು. ನನಗೆ ಒಳಗೊಳಗೇ ಹೆದರಿಕೆ. ಇನ್ನೊಬ್ಬರು ತಡೆಯಲಾಗದೆ, "ಯಾಕೆ ಕೂಸೇ, ಬರೀ ಕಪ್ಪು?" ಅಂದುಬಿಟ್ಟರು. ಅವಳು ಎರಡು ವಾರ ತುಂಡು ಆರಿಸಲೇ ಇಲ್ಲ, ಕೊಟ್ಟದ್ದನ್ನು ಹೊಲಿದಳು. ಆಮೇಲೆ ಗೊತ್ತಾಯಿತು, ಅದು ಅವಳು ಹತ್ತನೇ ತರಗತಿ ಪಾಸಾದಾಗ ತೆಗೆಸಿಕೊಂಡ ಚೂಡಿದಾರ. ಅವಳಿಗೆ ಬಹಳ ಇಷ್ಟದ್ದು. ಯಾರ ಬಣ್ಣಕ್ಕೂ ಯಾರ ಹೊಲಿಗೆಗೂ ನೀವು ಅರ್ಥ ಹೇಳಬೇಡಿ.

ನಾಲ್ಕನೇ ವಾರ ನಾನೊಂದು ಕೆಲಸ ಮಾಡಿಸುತ್ತೇನೆ. ನಮ್ಮ ಭಾಷೆಯಲ್ಲಿ "ಬೇಜಾರು" ಅನ್ನುವ ಒಂದೇ ಮಾತಿನಲ್ಲಿ ಎಷ್ಟೊಂದು ತುಂಬಿಟ್ಟಿದ್ದೇವೆ ನೋಡಿ. ಹೊತ್ತು ಹೋಗದಿದ್ದರೂ ಬೇಜಾರು, ಯಾರಾದರೂ ಚುಚ್ಚಿ ಮಾತಾಡಿದರೂ ಬೇಜಾರು, ಸತ್ತವರ ನೆನಪಾದರೂ ಬೇಜಾರು, ಬದುಕೇ ಸಾಕು ಅನಿಸಿದರೂ ಬೇಜಾರು. ಕೇಳುವವರಿಗೆ ಯಾವುದು ಅಂತ ತಿಳಿಯುವುದಿಲ್ಲ. ಹೇಳುವವರಿಗೂ ಎಷ್ಟೋ ಸಲ ತಿಳಿದಿರುವುದಿಲ್ಲ. ಹಾಗಾಗಿ ಐದಾರು ಬಣ್ಣದ ದಾರ ಇಟ್ಟು, "ನಿಮ್ಮ ಬೇಜಾರಿನಲ್ಲಿ ಎಷ್ಟು ಬಗೆ ಇದೆಯೋ ಅಷ್ಟು ದಾರ ತೆಗೆದುಕೊಳ್ಳಿ, ಒಂದೊಂದರಲ್ಲಿ ಒಂದೊಂದು ಗೇಣು ಹೊಲಿಯಿರಿ" ಅನ್ನುತ್ತೇನೆ. ಹೆಸರು ಅವರದೇ. ಒಬ್ಬರು "ಸಿಟ್ಟಿನ ಬೇಜಾರು" ಅಂದರು. ಒಬ್ಬರದು "ಕಾಯುವ ಬೇಜಾರು", ಬೆಂಗಳೂರಿನಲ್ಲಿರುವ ಮಗ ಫೋನ್ ಮಾಡುವುದಿಲ್ಲ. ಇನ್ನೊಬ್ಬರು "ಯಾರಿಗೂ ಬೇಡದ ಬೇಜಾರು" ಅಂದು ಬಹಳ ಹೊತ್ತು ಹಸಿರು ದಾರ ಹಿಡಿದು ಕೂತರು. ಖಿನ್ನತೆ, ಆತಂಕ ಅನ್ನುವ ಪುಸ್ತಕದ ಮಾತುಗಳನ್ನು ಅವತ್ತು ನಾನು ಬಳಸುವುದಿಲ್ಲ. ಬೇಜಾರಿಗೆ ಒಂದು ಹೆಸರು ಸಿಕ್ಕಿದರೆ ಡಾಕ್ಟರ ಮುಂದೆ ಕೂತಾಗಲೂ ಹೇಳಲು ಏನೋ ಇರುತ್ತದೆ.

ಒಬ್ಬರು ಏನಾದರೂ ಹೇಳಿದಾಗ ನಿಮ್ಮ ಬಾಯಲ್ಲಿ ಬರಬಾರದ ಮಾತುಗಳು: "ಎಲ್ಲ ಸರಿಯಾಗ್ತದೆ", "ದೇವರ ಮೇಲೆ ಭಾರ ಹಾಕು", "ನನಗೂ ಹೀಗೇ ಆಗಿತ್ತು". ಮೂರನೆಯದು ಒಳ್ಳೆಯ ಮನಸ್ಸಿನಿಂದಲೇ ಬರುತ್ತದೆ. ಆದರೆ ಆಮೇಲೆ ಕಥೆ ನಿಮ್ಮದಾಗುತ್ತದೆ. "ಹೌದಾ", "ಕಷ್ಟ ಆಗಿರಬೇಕು", ಇಷ್ಟು ಸಾಕು. ಅಥವಾ ಸುಮ್ನೆ ಹೊಲಿಯಿರಿ.

ಅತ್ತರೆ ಅಳಲಿ. ಕೂಟ ನಿಲ್ಲಿಸಬೇಡಿ. ಎಲ್ಲರೂ ಸೂಜಿ ಕೆಳಗಿಟ್ಟು ನೋಡಲು ಶುರು ಮಾಡಿದರೆ ಅಳುವವರಿಗೆ ನಾಚಿಕೆಯಾಗುತ್ತದೆ. ಪಕ್ಕದಲ್ಲಿ ಹೋಗಿ ಕೂರಿ, ಒಂದು ಒಗೆದ ಕರವಸ್ತ್ರ ಕೊಡಿ, ಅವರು ಬಿಟ್ಟ ಸಾಲನ್ನು ನೀವು ಮುಂದುವರಿಸಿ. ಸ್ವಲ್ಪ ಹೊತ್ತಿಗೆ ಅವರೇ ಕೈ ಚಾಚಿ ಸೂಜಿ ಕೇಳುತ್ತಾರೆ. ಹೊರಡುವಾಗ ಬಾಗಿಲ ಹತ್ತಿರ ಅವರೊಬ್ಬರನ್ನೇ ಕೇಳಿ, ಮನೆಗೆ ಹೋಗಲು ಆಗ್ತದಾ, ಮನೆಯಲ್ಲಿ ಯಾರಿದ್ದಾರೆ ಅಂತ. ರಾತ್ರಿ ಒಂದು ಫೋನ್ ಮಾಡಿ.

ನಾಲ್ಕು ಗಂಟೆಗೆ ಕಷಾಯ. ಹತ್ತು ನಿಮಿಷ. ಆಗ ಭಾರದ ಮಾತು ಬೇಡ ಅಂತ ನಾವೇ ಮಾಡಿಕೊಂಡ ನಿಯಮ ಇದೆ.

ತಮ್ಮ ಕಥೆಯನ್ನೇ ಚಿತ್ರವಾಗಿ ಹೊಲಿಯಬೇಕು ಅಂತ ಕೆಲವರಿಗೆ ಅನಿಸುತ್ತದೆ. ಚಿಲಿ ದೇಶದಲ್ಲಿ 1973ರಲ್ಲಿ ಸೈನ್ಯ ಆಡಳಿತ ಹಿಡಿದ ಮೇಲೆ ಎಷ್ಟೋ ಜನ ಕಾಣೆಯಾದರು. ಅವರ ತಾಯಂದಿರು, ಹೆಂಡತಿಯರು ಒಟ್ಟಿಗೆ ಕೂತು ಗೋಣಿಯಂಥ ಬಟ್ಟೆಯ ಮೇಲೆ ಚೂರು ಬಟ್ಟೆಗಳಿಂದ ಆ ಕಥೆಗಳನ್ನು ಹೊಲಿದರು. ಅರ್ಪಿಯೆರಾ ಅನ್ನುತ್ತಾರೆ ಅದಕ್ಕೆ. ಬಾಯಿಂದ ಹೇಳಲು ಆಗದ್ದನ್ನು ಜಗತ್ತಿಗೆ ತೋರಿಸಿದ್ದು ಆ ಬಟ್ಟೆಗಳು. ಆದರೆ ತೋರಿಸಲೇಬೇಕು ಅಂತ ಇಲ್ಲ. ನಮ್ಮಲ್ಲಿ ಒಬ್ಬರು ಒಂದು ಚೀಟಿ ಬರೆದು ತುಂಡಿನ ಕೆಳಗಿಟ್ಟು ನಾಲ್ಕೂ ಕಡೆ ಹೊಲಿದರು. ಅದರಲ್ಲಿ ಏನಿದೆ ಅಂತ ಯಾರೂ ಕೇಳಿಲ್ಲ.

ಮಣ್ಣು, ಬಲೆ

ಸಿಟ್ಟು ಜಾಸ್ತಿ ಇರುವವರಿಗೆ, ಮಕ್ಕಳಿಗೆ ಸೂಜಿಗಿಂತ ಜೇಡಿಮಣ್ಣು ಒಳ್ಳೆಯದು. ಚೌತಿಗೆ ಮೊದಲು ಗಣಪತಿ ಮಾಡುವವರ ಹತ್ತಿರ ಹದ ಮಾಡಿದ ಮಣ್ಣು ಸಿಗುತ್ತದೆ. ಒಬ್ಬರಿಗೆ ಎರಡು ಕಿಲೋ ಕೊಡಿ. ಮೊದಲ ಹತ್ತು ನಿಮಿಷ ಏನೂ ಮಾಡಿಸಬೇಡಿ. ಕುಟ್ಟಲಿ, ನಾದಲಿ, ನೆಲಕ್ಕೆ ಬಡಿಯಲಿ. ಆಮೇಲೆ ಬೇಕಾದ್ದು ಮಾಡಲಿ. ಕೊನೆಗೆ ಮತ್ತೆ ಉಂಡೆ ಮಾಡಿ ಬಕೆಟ್ಟಿಗೆ ಹಾಕಲಿ. ಮಾಡಿದ್ದನ್ನು ಇಟ್ಟುಕೊಳ್ಳಬೇಕಾಗಿಲ್ಲ ಅಂತ ಗೊತ್ತಾದರೆ ಮಕ್ಕಳ ಕೈ ಸಡಿಲವಾಗುತ್ತದೆ.

ಆದರೆ ಮಣ್ಣಿನ ವಿಷಯದಲ್ಲಿ ಒಂದು ಎಚ್ಚರ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದು ಜನ ಸತ್ತರು. ಆ ವರ್ಷ ಚೌತಿಯ ಹೊತ್ತಿಗೆ ಅಂಕೋಲಾ ಕಡೆಯ ಒಬ್ಬರು ನಮ್ಮ ಕೂಟಕ್ಕೆ ಬಂದಿದ್ದರು. ಒದ್ದೆ ಮಣ್ಣಿನ ವಾಸನೆ ಬಂದದ್ದೇ ಎದ್ದು ಹೊರಗೆ ಹೋದರು. ಮಣ್ಣು ಆಟದ ಸಾಮಾನು ಅಂತ ಅಂದುಕೊಂಡಿದ್ದವಳು ನಾನು. ಅವರಿಗೆ ಅದು ಬೇರೆ ಏನೋ ಆಗಿತ್ತು. ಅವತ್ತು ಬಾಳೆನಾರಿನಲ್ಲಿ ಅಬ್ಬಲಿಗೆ ಹೂ ಕಟ್ಟುತ್ತಾ ಅವರ ಜೊತೆ ಕಟ್ಟೆ ಮೇಲೆ ಕೂತೆ. ಈಗ ಏನೇ ಮಾಡಿಸಿದರೂ ಬದಲಿಗೆ ಇನ್ನೊಂದು ಕೆಲಸ ಇಟ್ಟಿರುತ್ತೇನೆ. ಇವತ್ತು ಮಣ್ಣು ಅಂತ ಹಿಂದಿನ ವಾರವೇ ಹೇಳಿರುತ್ತೇನೆ.

ಗಂಡಸರು ಬರುವುದಿಲ್ಲ ಅನ್ನುವ ದೂರು ಎಲ್ಲ ಕಡೆ ಇದೆ. ಕಾರವಾರದ ಬೈತಖೋಲದಲ್ಲಿ ನನ್ನ ತಂಗಿ ಇದ್ದಾಳೆ. ಜೂನ್ 1ರಿಂದ ಜುಲೈ 31ರ ತನಕ, 61 ದಿನ, ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವ ಹಾಗಿಲ್ಲ. ಕೈಯಲ್ಲಿ ಕೆಲಸ ಇಲ್ಲ, ದುಡ್ಡಿಲ್ಲ, ಮನೆಯಲ್ಲಿ ಜಗಳ, ಕುಡಿತ. ಅವಳು ಅವರನ್ನು "ಮಾತಾಡೋಣ ಬನ್ನಿ" ಅಂತ ಕರೆಯಲಿಲ್ಲ. "ಹುಡುಗರಿಗೆ ಬಲೆ ಹೆಣೆಯೋದು ಬರೋದಿಲ್ಲ, ಸ್ವಲ್ಪ ಕಲಿಸಿ" ಅಂತ ಕರೆದಳು. ನಾಲ್ಕು ಜನ ಹಿರಿಯರು, ಐದು ಹುಡುಗರು ಬಂದರು. ಹರಿದ ಬಲೆ ಸರಿಮಾಡುವಾಗಲೂ ಕಣ್ಣು ಕೈ ಮೇಲೇ ಇರಬೇಕು, ನಮ್ಮ ಮೆಟ್ಟುಗತ್ತಿಯ ಹಾಗೆ. ಎರಡನೇ ವಾರ ಒಬ್ಬರು ಹುಡುಗರಿಗೆ ಗಂಟು ತೋರಿಸುತ್ತಾ, ಕಡಲಲ್ಲಿ ಕಳೆದುಕೊಂಡ ಗೆಳೆಯನ ವಿಷಯ ಹೇಳಿದರಂತೆ. ಮನೆಯಲ್ಲಿ ಎಂದೂ ಹೇಳಿರಲಿಲ್ಲವಂತೆ. ಗಂಡಸರನ್ನು ಕಲಿಯಲು ಕರೆಯಬೇಡಿ, ಕಲಿಸಲು ಕರೆಯಿರಿ.

ಡಾಕ್ಟರ ಹತ್ತಿರ ಯಾವಾಗ

ಇದನ್ನು ದಯವಿಟ್ಟು ಹಗುರಾಗಿ ತೆಗೆದುಕೊಳ್ಳಬೇಡಿ. ಎರಡು ವಾರಕ್ಕಿಂತ ಜಾಸ್ತಿ ನಿದ್ದೆ, ಊಟ ಬಿಟ್ಟವರು, ಯಾರಿಗೂ ಕೇಳದ ಮಾತು ಕೇಳಿಸುತ್ತದೆ ಅನ್ನುವವರು, ಹೆರಿಗೆಯಾದ ಮೇಲೆ ಮಗುವನ್ನು ನೋಡಲೂ ಮನಸ್ಸಾಗದವರು, ಮನೆಯಲ್ಲಿ ಹೊಡೆತ ತಿನ್ನುವವರು, ಇವರ ಕಷ್ಟ ಕೌದಿಯಿಂದ ಮುಗಿಯುವುದಿಲ್ಲ. ಕೂಟಕ್ಕೆ ಬರಲಿ, ಜೊತೆಗೆ ಬೇರೆ ಸಹಾಯವೂ ಬೇಕು.

ಯಾರಾದರೂ "ಇದ್ದು ಏನು ಮಾಡೋದು" ಅನ್ನುವ ಹಾಗೆ ಮಾತಾಡಿದರೆ ನಾನು ಇಷ್ಟು ಹೊತ್ತು ಹೇಳಿದ "ಕೇಳಬೇಡಿ" ಅನ್ನುವ ನಿಯಮ ಮುರಿಯಿರಿ. ಬೇರೆ ಕಡೆ ಕರೆದುಕೊಂಡು ಹೋಗಿ ನೇರವಾಗಿ ಕೇಳಿ: "ಸಾಯಬೇಕು ಅನಿಸ್ತಾ ಇದೆಯಾ?" ಕೇಳಿದರೆ ಆ ಯೋಚನೆ ತಲೆಗೆ ಬರುತ್ತದೆ ಅನ್ನುವುದು ತಪ್ಪು. ಕೇಳಿದರೆ ಎಷ್ಟೋ ಜನರಿಗೆ ಉಸಿರು ಬಂದ ಹಾಗೆ ಆಗುತ್ತದೆ. ಹೌದು ಅಂದರೆ ಅವರನ್ನು ಒಬ್ಬರನ್ನೇ ಬಿಡಬೇಡಿ. ಅಲ್ಲೇ ಕೂತು 14416ಕ್ಕೆ ಫೋನ್ ಮಾಡಿ. ಅದು 2022ರ ಅಕ್ಟೋಬರ್ 10ರಂದು ಸರ್ಕಾರ ಶುರು ಮಾಡಿದ ಮಾನಸಿಕ ಆರೋಗ್ಯದ ಸಹಾಯವಾಣಿ, ಟೆಲಿ ಮಾನಸ್. ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ. ಮನೆಯವರಿಗೆ ಹೇಳಿ ತೋಟಕ್ಕೆ ಹೊಡೆಯುವ ಔಷಧಿಗಳನ್ನೆಲ್ಲ ಬೀಗ ಹಾಕಿ ಇಡಿಸಿ. ಮನೋವೈದ್ಯರು ಯಾವ ದಿನ ಸಿಗುತ್ತಾರೆ ಅಂತ ನಿಮ್ಮ ತಾಲೂಕು ಆಸ್ಪತ್ರೆಯಲ್ಲಿ ಕೂಟ ಶುರು ಮಾಡುವ ಮೊದಲೇ ವಿಚಾರಿಸಿ ಬರೆದಿಟ್ಟುಕೊಳ್ಳಿ. ಮೊದಲ ಸಲ ಹೋಗುವಾಗ ಜೊತೆಗೆ ಹೋಗಿ. ನಾನು ಹೋಗಿದ್ದೇನೆ. ಹೊರಗೆ ಬೆಂಚಿನ ಮೇಲೆ ಕಾಯುವಾಗ ಹೊಲಿಯಲು ಒಂದು ತುಂಡು ಕೊಟ್ಟಿದ್ದೆ.

ನಿಮ್ಮ ಕಡೆಗೂ ನೋಡಿಕೊಳ್ಳಿ. ಎಂಟು ವಾರ ಕೇಳಿದ್ದು ನಿಮ್ಮೊಳಗೆ ಉಳಿಯುತ್ತದೆ. ನಾನು ತಿಂಗಳಿಗೊಮ್ಮೆ ಪರಿಚಯದ ಕೌನ್ಸೆಲರ್ ಒಬ್ಬರ ಹತ್ತಿರ, ಯಾರ ಹೆಸರೂ ಹೇಳದೆ, ಮಾತಾಡುತ್ತೇನೆ. ಒಂದು ಕೌದಿಗೂ ಇನ್ನೊಂದಕ್ಕೂ ನಡುವೆ ಒಂದು ತಿಂಗಳು ರಜೆ.

ಕೌದಿ ಯಾರಿಗೆ

ಇದನ್ನು ಮೊದಲ ದಿನವೇ ಗುಂಪಿನವರು ಮಾತಾಡಿ ತೀರ್ಮಾನ ಮಾಡಲಿ, ಕೊನೆಗೆ ಬಿಟ್ಟರೆ ಮನಸ್ತಾಪ ಆಗುತ್ತದೆ. ಸಿದ್ದಿಯವರ ಕೌದಿಗೆ ನಾಲ್ಕು ಮೂಲೆಯಲ್ಲಿ ಬಟ್ಟೆ ಮಡಚಿ ಇಟ್ಟ ಹೂವು ಇರುತ್ತದೆ. ಫೂಲ ಅನ್ನುತ್ತಾರೆ. ಅದಿಲ್ಲದೆ ಕೌದಿ ಮುಗಿದ ಹಾಗಲ್ಲ. ನಮ್ಮ ಮೊದಲ ಕೌದಿಗೆ ಫೂಲ ಇಟ್ಟದ್ದು ಆ ಯಲ್ಲಾಪುರದ ಅಮ್ಮನೇ. ಅದು ಗುಂಪಿನಲ್ಲಿದ್ದ ಒಬ್ಬರ ಮೊಮ್ಮಗುವಿಗೆ ಹೋಯಿತು. ಎರಡನೆಯದು ಯಾರೂ ಒಯ್ಯಲಿಲ್ಲ, ಕೋಣೆಯಲ್ಲೇ ಇದೆ. ಮಳೆಯಲ್ಲಿ ನೆನೆದು ಬಂದವರು ಹೊದ್ದುಕೊಳ್ಳುತ್ತಾರೆ.

ಮೂರನೇ ಗುಂಪಿನವರು ಆರು ತುಂಡು ಮಾಡಿ ಹಂಚಿಕೊಳ್ಳುತ್ತೇವೆ ಅಂದರು. ಎಂಟು ವಾರ ಹೊಲಿದದ್ದನ್ನು ಕತ್ತರಿಸುವುದು ನನ್ನ ಜೀವಕ್ಕೆ ಒಪ್ಪಲಿಲ್ಲ, ಹಾಗಂತ ಹೇಳಿದೆ ಕೂಡ. ಅವರು ಮೊದಲ ದಿನವೇ ಆಡಿಕೊಂಡ ಮಾತು ಅದು. ಕತ್ತರಿ ಕೊಟ್ಟೆ. ಅವರೇ ಅಳೆದು, ಅವರೇ ಕತ್ತರಿಸಿದರು. ಗಂಡನ ಲುಂಗಿ ಇದ್ದ ಭಾಗವನ್ನು ಯಾರೂ ಮಾತಾಡದೆ ಅವರಿಗೇ ಬಿಟ್ಟರು. ಕತ್ತರಿಸಿದ ಕಡೆ ದಾರ ಬಿಡದ ಹಾಗೆ ಆರು ತುಂಡಿಗೂ ಮಷೀನಿನಲ್ಲಿ ಅಂಚು ಕಟ್ಟಿ ಕೊಡಲು ನನಗೆ ಎರಡು ಸಂಜೆ ಹಿಡಿಯಿತು.